ಅತ್ತ ಕಲ್ಲು

ಮಾರ್ಚ್ ೩, ಸೋಮವಾರ

ಮೂವತ್ತೊಂದು ವರ್ಷಗಳ ಮೇಲೆ ಮತ್ತೆ ಈ ದ್ವೀಪದಲ್ಲಿ ಕಾಲಿಟ್ಟೆ ಎಂಬ ವಾಕ್ಯವನ್ನು ಲಾಂಚಿನಲ್ಲಿ ಕೂತೇ ಕಟ್ಟಿಕೊಂಡಿದ್ದೆ. ಕಾಲಿಡುವುದಕ್ಕೂ ಮೊದಲೇ ಗಾಳಿ ನನ್ನ ಟೋಪಿಯನ್ನು ಎತ್ತಿಕೊಂಡು ಹೋಯಿತು. ಜೆಟ್ಟಿಯ ಪಕ್ಕದ ಬೋಳು ದಿಬ್ಬದ ಮೇಲೆ ಒಂದು ಕರಿ ಬಂಡೆಯಿದೆ, ಮೀನಿನ ಬಲೆ ಒಣಹಾಕುವುದು ಬಿಟ್ಟರೆ ಯಾರಿಗೂ ಬೇಡದ್ದು; ಟೋಪಿ ಅದರ ಹಿಂದೆ ಎಲ್ಲೋ ಮಾಯವಾಯಿತು. ಪ್ರವಾಸಿಗರಿಗೆ ಟೋಪಿ ಹಾಕುವ ಊರುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಇದ್ದ ಟೋಪಿಯನ್ನೂ ಕಿತ್ತುಕೊಳ್ಳುವ ಊರು ಇದೊಂದೇ.

ನೆಲ ಹಾಗೇ ಇದೆ. ಕರಿ ಬೆಟ್ಟ, ಕರಿ ಮಣ್ಣು, ಕರಿ ದಂಡೆ. ಜ್ವಾಲಾಮುಖಿ ಆರಿ ಮುನ್ನೂರು ವರ್ಷವಾಯಿತಂತೆ, ಆದರೂ ಎಲ್ಲವೂ ಈಗಷ್ಟೇ ತಳಹಿಡಿದ ಪಾತ್ರೆಯ ಹಾಗೆ ಕಾಣುತ್ತದೆ. ನೆಟ್ಟಗೆ ನಿಂತ ಮರ ಒಂದೂ ಇಲ್ಲ. ಬದಲಾಗಿರುವುದು ಜನ. ಆಗ ವಾರಕ್ಕೊಂದು ಲಾಂಚು. ಇಳಿದದ್ದು ನಾನು ಮತ್ತು ಎರಡು ಮೇಕೆ. ಈಗ ದಿನಕ್ಕೊಂದು ಲಾಂಚು. ನನ್ನ ಜೊತೆ ನೂರ ನಲವತ್ತು ಜನ ಇಳಿದರು, ಎಲ್ಲರ ಕೈಯಲ್ಲೂ ಫೋನು, ಕಂಕುಳಲ್ಲಿ ಟಿಶ್ಯೂ ಕಾಗದದ ಡಬ್ಬ.

ಇಷ್ಟಕ್ಕೆಲ್ಲ ಕಾರಣ ನಾನೇ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ದಿನಚರಿಯ ಮುಂದೆ ಜಂಬ ಕೊಚ್ಚಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ನನ್ನ ಪ್ರವಾಸದ ಪುಸ್ತಕ ಹದಿನಾಲ್ಕು ಮುದ್ರಣ ಕಂಡದ್ದು ಈ ದ್ವೀಪದ ಅಧ್ಯಾಯದಿಂದ. ದ್ವೀಪ ಇಷ್ಟು ಜನರನ್ನು ಕಂಡದ್ದು ಆ ಅಧ್ಯಾಯದ ಒಂದು ಕಲ್ಲಿನಿಂದ. ‘ಇಲ್ಲೊಂದು ಬಂಡೆಯಿದೆ. ಹೆಸರು ಅತ್ತ ಕಲ್ಲು. ಎಂದೋ ಅತ್ತು ಅತ್ತು ಮೈಯೆಲ್ಲ ತೂತಾದ ಕಲ್ಲು. ಅದರ ಮುಂದೆ ಕೂತು ಅತ್ತವರು ಹಗುರಾಗಿ ಏಳುತ್ತಾರೆ.’ ಈ ಸಾಲುಗಳನ್ನು ಜೆಟ್ಟಿಯ ಫಲಕದ ಮೇಲೆ ಬರೆಸಿದ್ದಾರೆ. ಕೆಳಗೆ ನನ್ನ ಹೆಸರಿಲ್ಲ. ಇರಲಿ. ಪ್ರಕಾಶಕರು ಹೊಸ ಆವೃತ್ತಿಗೆ ಮೂರು ವಾರದ ಗಡುವು ಕೊಟ್ಟು ಕಳಿಸಿದ್ದಾರೆ. “ಹಳೇ ಕಣ್ಣೀರಿಗೆ ಸ್ವಲ್ಪ ಹೊಸ ನೀರು ಬೆರೆಸಿ ಮೇಡಂ” ಎಂದಿದ್ದಾರೆ.

ಲಾಡ್ಜಿನ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಹಗ್ಗದಿಂದ ಬಿಗಿಯುವ ಒಂದು ಕಿಟಕಿ. ಚೀಲದ ತಳದಲ್ಲಿ ತಂಗಿ ತುರುಕಿದ ಡಬ್ಬಿ ಸಿಕ್ಕಿತು: ಕಿವಿಗೆ ಹಾಕಿಕೊಳ್ಳುವ ಯಂತ್ರ. ನನ್ನ ಕಿವಿಗೇನು ಧಾಡಿ? ಈಗಿನ ಜನಕ್ಕೆ ಬಾಯಿ ಬಿಟ್ಟು ಮಾತಾಡುವುದು ಮರೆತುಹೋಗಿದೆ, ಅಷ್ಟೆ. ಡಬ್ಬಿಯನ್ನು ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿದೆ.

ಮಾರ್ಚ್ ೪, ಮಂಗಳವಾರ

ಕಲ್ಲನ್ನು ನೋಡಿ ಬಂದೆ. ನೋಡಿದೆ ಎನ್ನುವುದಕ್ಕಿಂತ ಸಾಲಿನಲ್ಲಿ ನಿಂತು ಬಂದೆ ಎನ್ನಬೇಕು.

ಇಲ್ಲಿನ ಸಮಿತಿಯ ಅಧ್ಯಕ್ಷನೇ ಗೈಡು, ಗೈಡೇ ಅಂಗಡಿಯವನು. ಸೊಂಟದಲ್ಲಿ ಸ್ಪೀಕರು, ಬಾಯಿಯ ಹತ್ತಿರ ಮೈಕು. ಮನಸ್ಸಿನಲ್ಲೇ ಮೈಕಾಸುರ ಎಂದು ಹೆಸರಿಟ್ಟೆ.

“ಬನ್ನಿ ಬನ್ನಿ, ಸಾಲಾಗಿ ಬನ್ನಿ! ಒಬ್ಬೊಬ್ಬರಿಗೆ ಮೂರು ನಿಮಿಷ. ಅಳು ಬರದೇ ಇರೋರು ಎಡಗಡೆ ನಿಂತ್ಕೊಳ್ಳಿ, ಈರುಳ್ಳಿ ಹೆಚ್ಚಿ ಇಟ್ಟಿದೀವಿ.”

ನನ್ನ ಮುಂದಿದ್ದ ಗಂಡಸು ಎರಡೇ ನಿಮಿಷದಲ್ಲಿ ಬಿಕ್ಕಿಬಿಕ್ಕಿ ಅತ್ತು ಎದ್ದ. ಅವನ ಹೆಂಡತಿ ಫೋನು ನೋಡಿ, “ಕಣ್ಣು ಮುಚ್ಚಿಬಿಟ್ಟಿದೀರ, ಇನ್ನೊಂದು ಸಲ ಅಳಿ” ಎಂದಳು. ಪಾಪ, ಮತ್ತೆ ಕೂತ.

ನಾನು ಯಾರೆಂದು ತಿಳಿದ ಮೇಲೆ ಮೈಕಾಸುರ ಕುಣಿದಾಡಿಬಿಟ್ಟ. “ಕಲ್ಲಿನ ತಾಯಿ ಬಂದಿದಾರೆ!” ಎಂದು ಸ್ಪೀಕರಿನಲ್ಲಿ ಸಾರಿದ. ನೂರ ನಲವತ್ತು ಜನ ಮೂಗೊರೆಸಿಕೊಳ್ಳುತ್ತ ನನ್ನನ್ನು ನೋಡಿದರು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಕಲ್ಲಿರುವುದು ಒಂದು ಹೊಲದ ನಡುವೆ. ಹೊಲವೆಂದರೆ ಇಲ್ಲಿ ಗುಳಿಗಳು. ಬೂದಿಮಣ್ಣಿನಲ್ಲಿ ಮಂಡಿಯಾಳದ ಗುಳಿ, ಗಾಳಿ ಬರುವ ಕಡೆ ಅರ್ಧಚಂದ್ರದಂತೆ ಜೋಡಿಸಿದ ಕಲ್ಲು, ಆ ಕಲ್ಲಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತ ಒಂದು ಅಂಜೂರದ ಗಿಡ. ಗೋಡೆಗಿಂತ ತಲೆ ಎತ್ತಿದರೆ ಗಾಳಿ ಚಿವುಟಿ ಹಾಕುತ್ತದೆ. ದೂರದಿಂದ ಗಿಡಗಳ ಮೇಲೆಲ್ಲ ಬಿಳಿ ಹೂ ಕಂಡು ಇದೇನು ವಿಚಿತ್ರ ಎಂದುಕೊಂಡೆ. ಹತ್ತಿರ ಹೋದರೆ ಹೂವಲ್ಲ, ಒದ್ದೆ ಟಿಶ್ಯೂ ಕಾಗದ. ಅತ್ತವರು ಎಸೆದದ್ದನ್ನು ಗಾಳಿ ತಂದು ಸಿಕ್ಕಿಸಿದೆ. ಗೋಡೆಯ ಕಲ್ಲುಗಳನ್ನು ಕಿತ್ತು ಯಾರೋ ಅಲ್ಲಲ್ಲಿ ಪುಟ್ಟ ಗೋಪುರ ಕಟ್ಟಿದ್ದಾರೆ, ಬಂದುಹೋದ ನೆನಪಿಗೆ.

ಒಬ್ಬ ಮುದುಕಿ ಮೊಳೆ ಹೊಡೆದ ಕೋಲಿನಿಂದ ಕಾಗದ ಚುಚ್ಚಿ ಚುಚ್ಚಿ ಚೀಲಕ್ಕೆ ಹಾಕುತ್ತಿದ್ದಳು. ನನ್ನನ್ನು ನೋಡಿ ಏನೋ ಕೂಗಿದಳು. ಗಾಳಿಯಲ್ಲಿ ಸರಿಯಾಗಿ ಕೇಳಲಿಲ್ಲ. ಒಳ್ಳೆಯದಾಗಲಿ ಅಂದಳು ಎಂದು ಇಟ್ಟುಕೊಳ್ಳೋಣ.

ಮಾರ್ಚ್ ೬, ಗುರುವಾರ

ಲಾಡ್ಜಿನ ಯಜಮಾನಿ ಆ ಮುದುಕಿಯ ಸೊಸೆಯಂತೆ. ಊರಿನವರೆಲ್ಲ ಇವಳನ್ನು ಸೊಸೆ ಎಂದೇ ಕರೆಯುತ್ತಾರೆ. ಗಂಡ ಲಾಂಚಿನಲ್ಲಿ ಕೆಲಸಕ್ಕಿದ್ದಾನೆ. ಬಾಯಿ ತೆರೆದರೆ ಮುಚ್ಚುವ ಹೆಂಗಸಲ್ಲ, ಅದೇ ನನಗೆ ಅನುಕೂಲ. ಅವಳ ಮಾತು ಒಂದೂ ತಪ್ಪದೆ ಕೇಳಿಸುತ್ತದೆ.

“ಅದು ಅತ್ತ ಕಲ್ಲಲ್ಲ ಮೇಡಂ, ಅತ್ತೆ ಕಲ್ಲು! ಸಂಜೆ ಲಾಂಚು ಹೊರಟ ಮೇಲೆ ನಮ್ಮತ್ತೆ ಹೋಗಿ ಅದರ ಮೇಲೆ ಕೂತ್ರೆ ಮುಗೀತು. ಊಟಕ್ಕೆ ಕರೆದ್ರೂ ಏಳಲ್ಲ.”

ನಗುತ್ತಲೇ ಹೇಳಿದಳು. ಆಮೇಲೆ ಹಾಸಿಗೆಯ ಚಾದರ ಕೊಡವುತ್ತ ನಗದೆ ಇನ್ನೊಂದು ಹೇಳಿದಳು. ಜೆಟ್ಟಿಯಿಂದ ಕಲ್ಲಿನವರೆಗೆ ಬಸ್ಸು ಹೋಗುವ ಹಾಗೆ ಡಾಂಬರು ರಸ್ತೆ ಮಾಡುತ್ತಾರಂತೆ. ಕಲ್ಲಿನ ಸುತ್ತ ಬಸ್ಸು ನಿಲ್ಲುವ ಜಾಗ. ಹದಿನೈದನೇ ತಾರೀಕು ಸಮಿತಿಯ ಸಭೆ.

“ಅತ್ತೇದು ಅರವತ್ತೊಂದು ಗುಳಿ ಇದೆ. ಒಂದೂ ಉಳಿಯಲ್ಲ.”

“ಬೇಡ ಅನ್ನಿ ಮತ್ತೆ.”

“ಬೇಡ ಅಂದ್ರೆ ಈ ಲಾಡ್ಜಿಗೆ ಯಾರು ಬರ್ತಾರೆ? ಅನ್ನದೇ ಇದ್ರೆ ಅತ್ತೆ ಮುಖ ಹೇಗೆ ನೋಡ್ಲಿ? ಅತ್ತ ದರಿ, ಇತ್ತ ಪುಲಿ ನನ್ನ ಬಾಳು.”

ಅಭಿವೃದ್ಧಿ ಎಂದ ಮೇಲೆ ಇವೆಲ್ಲ ಇದ್ದದ್ದೇ. ಹೊಸ ಆವೃತ್ತಿಯಲ್ಲಿ ಈ ಬಗ್ಗೆ ಒಂದು ಮರುಗುವ ಪ್ಯಾರಾ ಹಾಕಬಹುದು.

ಮಾರ್ಚ್ ೭, ಶುಕ್ರವಾರ

ಗಾಳಿ. ಕಿಟಕಿಗೆ ಹಗ್ಗ ಬಿಗಿದೆ. ಈಗ ಹಗ್ಗವೂ ಹಾಡುತ್ತದೆ.

ಮಾರ್ಚ್ ೧೦, ಸೋಮವಾರ

ಇವತ್ತಿನದನ್ನು ಹೇಗೆ ಬರೆಯಲಿ? ಆದದ್ದು ಆದ ಹಾಗೆ ಬರೆಯುತ್ತೇನೆ.

ಮುದುಕಿಯನ್ನು ಮಾತಾಡಿಸಿ ನಾಲ್ಕು ಪುಟ ಮಾಡಿಕೊಳ್ಳೋಣವೆಂದು ಬೆಳಗ್ಗೆಯೇ ಹೊಲಕ್ಕೆ ಹೋದೆ. ಅಂದು ನನಗೆ ಕಲ್ಲಿನ ಹೆಸರು ಹೇಳಿದ ಹೆಂಗಸು ಇವಳೇ ಇರಬೇಕೆಂದು ಲೆಕ್ಕ ಹಾಕಿದ್ದೆ. ಅವಳೋ, ಒಡೆದ ಗೋಡೆಯೊಂದನ್ನು ಕಟ್ಟುತ್ತಿದ್ದವಳು, ತಲೆಯನ್ನೂ ಎತ್ತದೆ ಏನೋ ಅಂದಳು.

“ಏನಂದ್ರಿ?”

ಮತ್ತೆ ಅಂದಳು. ಮತ್ತೆ ನಾನು, “ಏನಂದ್ರಿ?”

“ಕೈ ಖಾಲಿ ಇದ್ರೆ ಆ ಕಲ್ಲು ಎತ್ಕೊಡು ಅಂದೆ! ಕಿವಿ ಕೇಳಲ್ವಾ ನಿಂಗೆ?”

ಎತ್ತಿಕೊಟ್ಟೆ. ಒಂದಲ್ಲ, ಹನ್ನೆರಡು. ಹದಿಮೂರನೆಯದರ ಹೊತ್ತಿಗೆ ಸೊಂಟ ಹಿಡಿದುಕೊಂಡು ಕೇಳಿದೆ: “ಅಜ್ಜಿ, ಮೂವತ್ತೊಂದು ವರ್ಷದ ಹಿಂದೆ ನಾನೊಂದು ಸಲ ಬಂದಿದ್ದೆ. ಈ ಕಲ್ಲಿನ ಹೆಸರು ನೀವೇ ಹೇಳಿದ್ದು.”

“ಹೆಸರಾ? ಕಲ್ಲಿಗಾ? ಮಕ್ಕಳಿಗೆ ಹೆಸರಿಡೋದೇ ಕಷ್ಟ, ಕಲ್ಲಿಗೆ ಯಾರಮ್ಮ ಇಡ್ತಾರೆ?”

“ಅತ್ತ ಕಲ್ಲು ಅಂದ್ರಿ.”

ಆಗ ತಲೆ ಎತ್ತಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಳದಿ ಕೋಟು ಹಾಕ್ಕೊಂಡು ಬಂದಿದ್ದವಳು ನೀನೇನಾ?”

“ಹೌದು!”

“ಅಯ್ಯೋ ನಿನ್ನ ಮನೆ ಕಾಯ!” ಎಂದು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಗೋಡೆಯ ಮೇಲೇ ಕೂತಳು. “ಇಲ್ಲಿ ನೋಡೋಕೆ ಏನಿದೆ ಅಂತ ಕೇಳ್ದೆ ನೀನು. ನಾನು ಕೈ ತೋರಿಸಿ ಹೇಳ್ದೆ: ಅತ್ತ ಕಲ್ಲು, ಇತ್ತ ಗಾಳಿ, ಇನ್ನೇನಿದೆ ಮಣ್ಣು!”

ಅತ್ತ ಕಲ್ಲು. ಇತ್ತ ಗಾಳಿ.

ಆ ಕಡೆ ಕಲ್ಲು, ಈ ಕಡೆ ಗಾಳಿ. ಗಾಳಿಯ ಮಾತನ್ನು ಗಾಳಿಯೇ ನುಂಗಿಕೊಂಡಿತು, ನನ್ನ ಪಾಲಿಗೆ ಕಲ್ಲು ಉಳಿಯಿತು. ಅದನ್ನು ನಾನು ಅಳಿಸಿದೆ. ಆಮೇಲೆ ಮೂವತ್ತೊಂದು ವರ್ಷ ಜನರನ್ನು ಅಳಿಸಿದೆ.

ಮಾರ್ಚ್ ೧೧, ಮಂಗಳವಾರ

ಹದಿನಾಲ್ಕು ಮುದ್ರಣ. ಒಂದು ‘ಇತ್ತ’ ಕೇಳಿಸದೆ.

ಮಾರ್ಚ್ ೧೩, ಗುರುವಾರ

ಯಾರಿಗೂ ಹೇಳುವುದಿಲ್ಲ ಎಂದು ಬೆಳಗ್ಗೆ ತೀರ್ಮಾನಿಸಿದೆ. ಹೇಳಿ ಯಾರಿಗೇನು ಲಾಭ? ಅಳುವವರು ಸುಖವಾಗಿ ಅಳುತ್ತಿದ್ದಾರೆ.

ಹನ್ನೊಂದು ಗಂಟೆಗೆ ಮೈಕಾಸುರ ಒಂದು ಫೈಲು ಹಿಡಿದು ಬಂದ. ರಸ್ತೆಗೆ ಮಂಜೂರಾತಿ ಬೇಕಾದರೆ ಕಲ್ಲು ಪುರಾತನ ಸಾರ್ವಜನಿಕ ಸ್ಥಳ ಎಂಬುದಕ್ಕೆ ಆಧಾರ ತೋರಿಸಬೇಕಂತೆ. ಆಧಾರ ಎಂದರೆ ನನ್ನ ಪುಸ್ತಕದ ನೂರ ಹನ್ನೆರಡನೇ ಪುಟ. ಗಂಟಲು ಸರಿಮಾಡಿಕೊಂಡು ನನಗೇ ಓದಿ ಹೇಳಿದ: “‘ದ್ವೀಪದವರು ತಲತಲಾಂತರದಿಂದ ಇಲ್ಲಿಗೆ ಬಂದು ಅಳುತ್ತಾರೆ. ದಾರಿ ತೋರಿದ ಹೆಂಗಸಿನ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಅವಳೂ ಆ ನೆಲದ ಒಂದು ಕಲ್ಲು.’ ಏನ್ ಬರ್ದಿದೀರ ಮೇಡಂ! ತಲತಲಾಂತರದಿಂದ! ಇದೊಂದು ಪದಕ್ಕೇ ರಸ್ತೆ ಬಂದ್ಬಿಡುತ್ತೆ.”

ತಲತಲಾಂತರ. ಅದನ್ನು ಯಾರು ಹೇಳಿದರು ನನಗೆ? ಯಾರೂ ಇಲ್ಲ. ವಾಕ್ಯದ ಲಯಕ್ಕೆ ಬೇಕಾಗಿತ್ತು.

ಮಧ್ಯಾಹ್ನ ಮತ್ತೆ ಹೊಲಕ್ಕೆ ಹೋದೆ. ಕಾರಣವೇನಿಲ್ಲ, ಲಾಡ್ಜಿನಲ್ಲಿ ಬೇಜಾರಾಗಿತ್ತು. ಅಜ್ಜಿ ಗೋಡೆ ಕಟ್ಟುವುದನ್ನು ಹೇಳಿಕೊಟ್ಟರು. ನಾನು ಕಲ್ಲುಗಳ ಸಂದಿಗಳಿಗೆಲ್ಲ ಚಿಕ್ಕ ಕಲ್ಲು ತುರುಕಿ ಅಂದವಾಗಿ ಮುಚ್ಚಿದ್ದೆ. ಬಂದು ಎಲ್ಲವನ್ನೂ ಕಿತ್ತುಹಾಕಿದರು.

“ಗಾಳೀನ ತಡೀಬಾರದು ಕಣೇ, ಸೋಸಬೇಕು. ಪೂರ್ತಿ ಮುಚ್ಚಿದ ಗೋಡೆ ಮೂರು ದಿನದಲ್ಲಿ ಮಗುಚಿಕೊಳ್ಳುತ್ತೆ. ಸಂದಿ ಬಿಟ್ಟು ನನ್ನ ಮದುವೇಲಿ ಕಟ್ಟಿದ್ದು ಇನ್ನೂ ನಿಂತಿದೆ.”

ಗಾಳಿಯಲ್ಲಿ ಕಿರುಚಿ ಕಿರುಚಿ ಅವರಿಗೆ ಗಂಟಲು ಕಟ್ಟಿಹೋಯಿತು. ಎಂಬತ್ತು ದಾಟಿದವರು, ಪಾಪ. ನಾಳೆ ಬೇಕಾದರೆ ಆ ಯಂತ್ರವನ್ನು ಒಮ್ಮೆ ಹಾಕಿಕೊಂಡು ಹೋಗಬಹುದು. ನನಗಾಗಿ ಅಲ್ಲ, ಅವರ ಗಂಟಲಿಗಾಗಿ.

ಮಾರ್ಚ್ ೧೫, ಶನಿವಾರ

ಸಭೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಹೇಳಬೇಕೆಂದು ಹೋದದ್ದಲ್ಲ. ಹಿಂದಿನ ಬೆಂಚಿನಲ್ಲಿ ಸೊಸೆ ಅತ್ತೆಯ ಪಕ್ಕ ಕೂತು, ಅತ್ತೆಯ ಕೈ ಹಿಡಿಯುವುದೋ ಬಿಡುವುದೋ ತಿಳಿಯದೆ ತನ್ನ ಸೆರಗನ್ನೇ ಹಿಡಿದುಕೊಂಡಿದ್ದಳು. ಮೈಕಾಸುರ ‘ತಲತಲಾಂತರದಿಂದ’ ಎಂದು ಓದುವಾಗ ನನ್ನ ಕಿವಿಯ ಯಂತ್ರದಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು, ಹಿಂದಿನಿಂದ ಅಜ್ಜಿ ಬಿಟ್ಟ ನಿಟ್ಟುಸಿರೂ ಕೇಳಿಸಿತು. ಎದ್ದು ನಿಂತೆ. ಕಲ್ಲು ಅತ್ತಿಲ್ಲ, ನಾನು ಅರ್ಧ ಮಾತು ಕೇಳಿ ಪೂರ್ತಿ ಪುಸ್ತಕ ಬರೆದೆ ಎಂದು ಎಲ್ಲರ ಮುಂದೆ ಹೇಳಿದೆ. ಹೆಸರು, ಮಾನ, ಹದಿನಾಲ್ಕು ಮುದ್ರಣ ಎಲ್ಲ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಇಡೀ ಸಭೆ ಗೊಳ್ಳೆಂದು ನಕ್ಕಿತು.

“ಮೇಡಂ ಬಹಳ ತಮಾಷೆ,” ಎಂದ ಮೈಕಾಸುರ. “ಆಯ್ತು, ತಪ್ಪೇ ಅಂತಿಟ್ಕೊಳ್ಳಿ. ಮೂವತ್ತು ವರ್ಷ ಜನ ಅತ್ತಿದಾರಲ್ಲ, ಆ ಅಳು ಸುಳ್ಳಾ? ಅಲ್ಲದೆ ಬಾಯಿ ಮಾತಿಗೆ ಏನು ಬೆಲೆ? ಪುಸ್ತಕದಲ್ಲಿರೋದು ಅಚ್ಚಾಗಿದೆ. ಆಕ್ಷೇಪಣೆ ಇದ್ರೆ ಇಪ್ಪತ್ತನೇ ತಾರೀಕಿನೊಳಗೆ ಬರೆದು ಕೊಡಿ.”

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಸತ್ಯ ಹೇಳಿದರೆ ಜನ ಕಲ್ಲು ಹೊಡೆಯುತ್ತಾರೆ ಎಂದು ಕೇಳಿದ್ದೆ. ಇವರು ಕಲ್ಲನ್ನು ಬಿಡಲೇ ಒಪ್ಪಲಿಲ್ಲ.

ಹೊರಗೆ ಅಜ್ಜಿ ನನ್ನ ತೋಳು ತಟ್ಟಿ, “ಹೋಗ್ಲಿ ಬಿಡು, ನಾಳೆ ಕೆಳಗಿನ ಸಾಲಿಂದು ಕಟ್ಟೋದಿದೆ” ಎಂದರು. ಇನ್ನು ಹತ್ತು ದಿನದಲ್ಲಿ ಡಾಂಬರು ಬೀಳಬಹುದಾದ ಜಾಗಕ್ಕೆ ಗೋಡೆ!

ಮಾರ್ಚ್ ೧೬, ಭಾನುವಾರ

ಕಟ್ಟಿದೆವು. ಬೆರಳು ಜಜ್ಜಿಕೊಂಡೆ. ಪೆನ್ನು ಹಿಡಿಯಲಾಗುತ್ತಿಲ್ಲ.

ಮಾರ್ಚ್ ೧೮, ಮಂಗಳವಾರ

ಲಾಂಚು ಹೋದ ಮೇಲೆ ಅಜ್ಜಿ ತಮ್ಮ ಕಲ್ಲಿನ ಮೇಲೆ ಕೂತರು. ನಾನು ಕೆಳಗೆ ಕೂತೆ. ಕಾಗದಗಳನ್ನೆಲ್ಲ ಹೆಕ್ಕಿ ಆಗಿತ್ತು. ಆಕ್ಷೇಪಣೆಯಲ್ಲಿ ಏನು ಬರೆಯುವುದು ಎಂದು ಎರಡು ದಿನದಿಂದ ತಲೆ ಕೆಡಿಸಿಕೊಂಡವಳು, ನಡೆದದ್ದನ್ನು ಮೊದಲಿಂದ ಸರಿಯಾಗಿ ಕೇಳೋಣ ಎಂದು ಯಂತ್ರದ ಗುಂಡಿ ತಿರುಗಿಸಿ ಜೋರು ಮಾಡಿಕೊಂಡೆ.

“ಅಜ್ಜಿ, ಆ ದಿನ ನೀವು ಎಲ್ಲಿ ಕೂತಿದ್ರಿ?”

“ಇಲ್ಲೇ. ಇದೇ ಕಲ್ಲಿನ ಮೇಲೆ.”

“ಯಾಕೆ ಕೂತಿದ್ರಿ?”

ಇದನ್ನು ಸುಮ್ಮನೆ ಕೇಳಿದೆ, ಮುಂದಿನ ಪ್ರಶ್ನೆಗೆ ಮೆಟ್ಟಿಲಾಗಲಿ ಎಂದು. ಅಜ್ಜಿ ಕಡಲ ಕಡೆ ತಿರುಗಿದರು.

“ಅಳ್ತಾ ಕೂತಿದ್ದೆ.”

“ಏನಂದ್ರಿ?”

“ಅಳ್ತಿದ್ದೆ. ಹಿಂದಿನ ವಾರ ಅವರನ್ನ ಆಸ್ಪತ್ರೆಗೆ ಅಂತ ಲಾಂಚಿಗೆ ಹತ್ತಿಸಿದ್ದೆ. ಆ ವಾರದ ಲಾಂಚು ಬಂತು. ಅವರು ಇಳೀಲಿಲ್ಲ, ಅವರ ಸುದ್ದಿ ಇಳೀತು. ಎರಡು ಮೇಕೆ ಇಳಿದ್ವು. ಹಳದಿ ಕೋಟು ಹಾಕ್ಕೊಂಡು ನೀನು ಇಳ್ದೆ. ನೆಟ್ಟಗೆ ಇಲ್ಲಿಗೇ ಬಂದು ಕೇಳ್ದೆ, ನೋಡೋಕೆ ಏನಿದೆ ಅಂತ.”

ಅಂದು ನನ್ನ ಕಿವಿ ಚೆನ್ನಾಗಿಯೇ ಇತ್ತು. ಕಣ್ಣೂ ಚೆನ್ನಾಗಿತ್ತು. ಅಳುವ ಹೆಂಗಸು ಎದುರಿಗೇ ಕೂತಿದ್ದಳು, ನಾನು ಅವಳನ್ನು ದಾಟಿ ಹಿಂದಿನ ನೋಟ ಹುಡುಕಿದೆ. ಅತ್ತವಳನ್ನು ಕಲ್ಲು ಎಂದು ಬರೆದೆ, ಕಲ್ಲು ಅತ್ತಿತು ಎಂದು ಬರೆದೆ. ನನಗೆ ನಾಚಿಕೆಯಾಯಿತು. ಇಷ್ಟು ವಯಸ್ಸಿಗೆ ಇಷ್ಟು ನಾಚಿಕೆಯಾಗುತ್ತದೆ ಎಂದು ಗೊತ್ತಿರಲಿಲ್ಲ.

“ಈ ಮಾತನ್ನ ಇದುವರೆಗೆ ಯಾರೂ ಕೇಳಿರಲಿಲ್ಲ ನೋಡು,” ಎಂದರು ಅಜ್ಜಿ. “ನಾನೂ ಹೇಳಿರಲಿಲ್ಲ.”

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ: “ಅತ್ತ ಕಲ್ಲು ಅಂದಾಗ ಕೈ ಯಾವ ಕಡೆ ತೋರಿಸಿದ್ರಿ?”

“ಅತ್ತ.” ಕೈ ಎತ್ತಿ ತೋರಿಸಿದರು. ಜೆಟ್ಟಿಯ ಕಡೆ, ಕಡಲಿಗೆ ಚಾಚಿದ ಬೋಳು ದಿಬ್ಬದ ಕಡೆ. “ಲಾಂಚು ಬರೋ ಕಡೆಗೇ ನೋಡ್ತಾ ಇದ್ದೆನಲ್ಲ.”

“ಕೂತಿದ್ದ ಈ ಕಲ್ಲನ್ನಲ್ಲ?”

“ಕೂತಿರೋ ಕಲ್ಲನ್ನ ಯಾರಾದ್ರೂ ಅತ್ತ ಅಂತಾರೇನೇ, ದಡ್ಡಿ?”

ಅಜ್ಜಿಯ ಮುಖ ನೋಡಿದೆ. ಅಜ್ಜಿ ನನ್ನ ಮುಖ ನೋಡಿದರು. ಯಾರು ಮೊದಲು ನಕ್ಕದ್ದು ಎಂದು ನೆನಪಿಲ್ಲ.

ಮಾರ್ಚ್ ೨೦, ಗುರುವಾರ

ಬರೆದು ಕೊಟ್ಟೆ. ನನ್ನ ಬಾಳಿನಲ್ಲಿ ಒಂದು ವಿಶೇಷಣವೂ ಇಲ್ಲದೆ ಬರೆದ ಮೊದಲ ಬರಹ.

‘ನೂರ ಹನ್ನೆರಡನೇ ಪುಟಕ್ಕೆ ತಿದ್ದುಪಡಿ. ಅಂದು ಆ ಹೆಂಗಸು ತಾನು ಕೂತಿದ್ದ ಕಲ್ಲನ್ನು ತೋರಿಸಲಿಲ್ಲ. ಜೆಟ್ಟಿಯ ಕಡೆಗೆ ಕೈ ಚಾಚಿ, ಅತ್ತ ಕಲ್ಲು ಎಂದಳು. ಆದ್ದರಿಂದ ಪುಸ್ತಕದಲ್ಲಿರುವ ಕಲ್ಲು ಅವಳ ಹೊಲದ್ದಲ್ಲ. ತಲತಲಾಂತರ ಎಂಬುದನ್ನು ನಾನು ಸೇರಿಸಿದ್ದು. ಇಂತಿ, ಲೇಖಕಿ.’

ಅಕ್ಷರಕ್ಷರವೂ ನಿಜ. ಸೊಸೆ ಅದನ್ನು ಎರಡು ಸಲ ಓದಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು.

ಮೈಕಾಸುರ ಓದಿ ಕೆಂಪಾದ, ಆಮೇಲೆ ಬೆಳ್ಳಗಾದ. ಲೇಖಕಿಯೇ ಹೀಗೆ ಬರೆದು ಕೊಟ್ಟ ಮೇಲೆ ಆ ಫೈಲು ಎಲ್ಲಿಗೂ ಹೋಗುವಂತಿಲ್ಲ. ಆದರೆ ಗಾಳಿ ಬಂದಾಗ ತೂರಿಕೊಳ್ಳುವುದನ್ನು ಇವನಿಗೆ ಯಾರೂ ಕಲಿಸಬೇಕಾಗಿಲ್ಲ. ಕಿಟಕಿಯಿಂದ ದಿಬ್ಬ ನೋಡಿದ. ಅದರ ಬುಡದಲ್ಲಿರುವ ತನ್ನ ಅಂಗಡಿ ನೋಡಿದ.

“ಅಂದ್ರೆ ಮೇಡಂ, ಲಾಂಚು ಇಳಿದ ತಕ್ಷಣ ಕಲ್ಲು?”

“ಹೌದು.”

“ರಸ್ತೇನೇ ಬೇಡ?”

“ಬೇಡ.”

“ನಂಗೂ ಯಾವಾಗ್ಲೂ ಒಂದು ಅನುಮಾನ ಇತ್ತು ಮೇಡಂ, ಆ ಹೊಲದ ಕಲ್ಲಿನ ಮೇಲೆ.”

ಸಂಜೆಯೊಳಗೆ ಬಾಣದ ಗುರುತಿನ ಫಲಕವನ್ನು ಕಿತ್ತು ಅತ್ತ ತಿರುಗಿಸಿಯಾಗಿತ್ತು. ಬಲೆ ಒಣಹಾಕುವವರಿಗೆ ಬೇರೆ ಬಂಡೆ ತೋರಿಸಿದನಂತೆ. ಕಲ್ಲಿಗೇನು ಬರವೇ ಇಲ್ಲಿ?

ಮಾರ್ಚ್ ೨೨, ಶನಿವಾರ

ಹೊಸ ಅತ್ತ ಕಲ್ಲು ಹಳೆಯದಕ್ಕಿಂತ ಚೆನ್ನಾಗಿ ಓಡುತ್ತಿದೆ. ಕಡಲ ಹನಿ ಮುಖಕ್ಕೆ ಹೊಡೆಯುವುದರಿಂದ ಈರುಳ್ಳಿಯ ಖರ್ಚಿಲ್ಲ. ಅತ್ತವರು ಯಾರು, ಅಳದವರು ಯಾರು ಫೋಟೋದಲ್ಲಿ ತಿಳಿಯುವುದೇ ಇಲ್ಲ. ಟಿಶ್ಯೂ ಕಾಗದವನ್ನೆಲ್ಲ ಗಾಳಿ ನೇರವಾಗಿ ಮೈಕಾಸುರನ ಅಂಗಡಿಯೊಳಕ್ಕೆ ತುಂಬುತ್ತದೆ. ಮೊಳೆ ಹೊಡೆದ ಕೋಲು ಎಲ್ಲಿ ಸಿಗುತ್ತದೆ ಎಂದು ಅಜ್ಜಿಯನ್ನು ಕೇಳಿ ಕಳಿಸಿದನಂತೆ. ಮಾಡಿದ್ದುಣ್ಣೋ ಮಹಾರಾಯ.

ಬಂಡೆಯ ಸಂದಿಯಲ್ಲಿ ನನ್ನ ಟೋಪಿ ಸಿಕ್ಕಿತು. ಆದರೆ ನಾನು ತೆಗೆದುಕೊಳ್ಳುವ ಹಾಗಿಲ್ಲ. ಅದನ್ನು ಕಂಡ ಯಾರೋ ಪಕ್ಕದಲ್ಲಿ ತಮ್ಮದೊಂದನ್ನು ಇಟ್ಟಿದ್ದಾರೆ, ಅದನ್ನು ಕಂಡು ಇನ್ನೊಬ್ಬರು. ನಿನ್ನೆ ಸಂಜೆಗೆ ಹದಿನೇಳು ಟೋಪಿ. ‘ಟೋಪಿ ಇಟ್ಟು ಹೋದರೆ ತಲೆಭಾರ ಇಳಿಯುತ್ತದೆ’ ಎಂದು ಮೈಕು ಆಗಲೇ ಶುರುಮಾಡಿದೆ.

ಪ್ರಕಾಶಕರು ಫೋನು ಮಾಡಿದ್ದರು. ಮಾತಿನ ಭರದಲ್ಲಿ ಅಜ್ಜಿಯ ಕಥೆ ಬಾಯಿಬಿಟ್ಟೆ. ಆ ಕಡೆ ಕುರ್ಚಿಯಿಂದ ಎದ್ದ ಸದ್ದು ಕೇಳಿಸಿತು. “ಮೇಡಂ! ಗಂಡನ ಸುದ್ದಿ, ಎರಡು ಮೇಕೆ, ಹಳದಿ ಕೋಟು! ಇದನ್ನೇ ಬರೀರಿ. ಈ ಸಲ ಜನ ನಿಜವಾಗಿ ಅಳ್ತಾರೆ!” ಮೊದಲ ಸಾಲು ನನಗೂ ಹೊಳೆದಿದೆ: ‘ಅವಳು ಇಳಿಯದವನಿಗಾಗಿ ಕಾಯುತ್ತಿದ್ದಳು, ಇಳಿದದ್ದು ನಾನು.’ ಚೆನ್ನಾಗಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ. ಸೊಸೆಯ ಮುಂದೆ ಒಮ್ಮೆ ಓದಿದೆ, ಅಷ್ಟೆ. ಹೊರಡುವ ಮೊದಲು ಹೇಳಿದರಾಯಿತು.

ಅರವತ್ತೊಂದೂ ಗೋಡೆ ಮುಗಿದವು. ಅಜ್ಜಿ ಅರವತ್ತೆರಡನೆಯ ಗುಳಿ ತೆಗೆಯಬೇಕು ಅಂತಿದ್ದಾರೆ. ಈ ವಯಸ್ಸಿಗೆ!

ಮಾರ್ಚ್ ೨೪, ಸೋಮವಾರ

ಹೊರಡುವ ದಿನ. ಅಜ್ಜಿಗೆ ಹೇಳಲು ಬೆಳಗ್ಗೆಯಿಂದ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬೇರೇನೋ ಮಾತಾಡಿದೆ.

ಅಜ್ಜಿ ಜೆಟ್ಟಿಗೆ ಬಂದರು. ಸೊಸೆ ನನ್ನ ಕಿವಿಯಲ್ಲಿ ಹೇಳಿದಳು, ಮಾವ ಹೋದ ಮೇಲೆ ಅತ್ತೆ ಜೆಟ್ಟಿಗೆ ಬಂದದ್ದು ಇದೇ ಮೊದಲಂತೆ. ಯಂತ್ರ ಇದ್ದ ಕಿವಿಯಲ್ಲೇ ಹೇಳಿದಳು, ಜಾಣೆ.

ಲಾಂಚು ಹತ್ತಿ ಕಂಬಿ ಹಿಡಿದು ನಿಂತೆ. ಇಂಜಿನ್ನು ಶುರುವಾಯಿತು. ಯಂತ್ರದೊಳಗೆ ಗಾಳಿ ಹೊಕ್ಕು ಸೀಟಿ ಹಾಕುತ್ತಿತ್ತು. ಅಜ್ಜಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

“ಮತ್ತೆ ಬರಬೇಡ!”

ಸುಳ್ಳೇಕೆ, ಅಳುವೇ ಬಂತು. ಅದರ ಹಿಂದೆಯೇ, ಹಾಳು ಅಭ್ಯಾಸ, ವಾಕ್ಯವೂ ಬಂತು: ‘ಹೊರಟು ನಿಂತವಳಿಗೆ ದ್ವೀಪ ಹೇಳಿತು, ಮತ್ತೆ ಬರಬೇಡ.’ ಎಂಥ ಕೊನೆ! ಹದಿನೈದನೇ ಮುದ್ರಣಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಅಜ್ಜಿಯ ಮಗ ಹಗ್ಗ ಬಿಚ್ಚುತ್ತಿದ್ದ. “ತಡೀರಿ” ಎಂದೆ. ಇಳಿದೆ. ನೂರ ನಲವತ್ತು ಜನ ನೋಡುತ್ತಿದ್ದಂತೆ ಜೆಟ್ಟಿಯ ಉದ್ದಕ್ಕೂ ನಡೆದು ಅಜ್ಜಿಯ ಎದುರಿಗೆ ಹೋಗಿ ನಿಂತೆ.

“ಏನಂದ್ರಿ?”

“ಅದನ್ನ ಕೇಳೋಕೆ ಇಳಿದು ಬಂದ್ಯಾ?”

“ಹೌದು. ಏನಂದ್ರಿ?”

“ಮತ್ತೆ ಬರೀಬೇಡ ಅಂದೆ. ಸೊಸೆ ಹೇಳಿದ್ಲು, ಅವರ ವಿಷಯ ಪುಸ್ತಕಕ್ಕೆ ಹಾಕ್ತೀಯಂತೆ.”

“ಬರಬೇಡ ಅಂತ ಕೇಳಿಸ್ತು ನಂಗೆ.”

“ಯಂತ್ರ ಹಾಕ್ಕೊಂಡೂ ಇದೇ ಹಣೇಬರಹವಾ!” ಅಜ್ಜಿ ನನ್ನ ಕಿವಿಯ ಹತ್ತಿರ ಬಾಯಿ ತಂದು, ಮಗುವಿಗೆ ಅಕ್ಷರ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು. “ಬರೀಬೇಡ. ಬಾ. ಎರಡೂ ಕೇಳಿಸ್ತಾ?”

ಕೇಳಿಸಿತು. ಆದರೂ ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು.

ಅಷ್ಟರಲ್ಲಿ ಲಾಂಚು ಹೊರಟಿತು. ಅಜ್ಜಿಯ ಮಗ ನನ್ನ ಚೀಲವನ್ನು ಜೆಟ್ಟಿಯ ಮೇಲೆ ಎಸೆದು ಕೈ ಬೀಸಿದ. ನಾಳೆಯೂ ಲಾಂಚು ಇದೆ ಮೇಡಂ ಎಂದು ಸೊಸೆ ಸಮಾಧಾನ ಹೇಳಿದಳು. ಗೊತ್ತು ಎಂದೆ.

ಅದೇ ಕೋಣೆಗೆ ಮರಳಿದ್ದೇನೆ. ಪ್ರಕಾಶಕರಿಗೆ ಎರಡು ಸಾಲು ಬರೆದು ಕಳಿಸಿದೆ: ಆ ದ್ವೀಪದ ಅಧ್ಯಾಯ ತೆಗೆದುಬಿಡಿ, ಅಲ್ಲಿ ಕಲ್ಲು ಮತ್ತು ಗಾಳಿ ಬಿಟ್ಟು ಏನೂ ಇಲ್ಲ. ಕಿಟಕಿ ತೆರೆದಿದೆ, ಬಿಗಿಯುವ ಹಗ್ಗವನ್ನು ಗುಳಿಯ ಅಳತೆಗೆಂದು ಹೊಲಕ್ಕೆ ಒಯ್ದದ್ದು ಅಲ್ಲೇ ಉಳಿದಿದೆ. ಕೆಳಗಿನಿಂದ ಅಜ್ಜಿ ಕೂಗುತ್ತಿದ್ದಾರೆ, ಬಿಸಿಲು ಇಳಿಯುವುದರೊಳಗೆ ಅರವತ್ತೆರಡಕ್ಕೆ ಕಲ್ಲು ಹೊರಬೇಕಂತೆ.

“ಮೇಲೆ ಏನೇ ಮಾಡ್ತಿದೀಯ? ಬರೀತಾ ಇದೀಯೇನು?”

“ಏನಿಲ್ಲ ಅಜ್ಜಿ, ಬಂದೆ!” ಎಂದೆ.